ನನ್ನನ್ನು ಪಾಸು ಮಾಡಿದ ಸಾಹೇಬರ ಮೇಲೆ ಒಂದು ತಕರಾರು

ಮಾನ್ಯ ಮೋಟಾರು ಪರವಾನಗಿ ಅಧಿಕಾರಿಗಳೇ,

ತಾವು ನನ್ನನ್ನು ಪಾಸು ಮಾಡಿದ್ದೀರಿ. ಈ ಪತ್ರ ಅದರ ವಿರುದ್ಧ.

ತಮ್ಮ ಮೇಜಿಗೆ ಬರುವ ತಕರಾರುಗಳೆಲ್ಲ ನಪಾಸಾದವರವೇ ಇರುತ್ತವೆ ಎಂಬುದು ನನಗೆ ಗೊತ್ತಿದೆ. ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವಾಗ ನೆಲಕ್ಕೆ ತಾಗಿದ್ದು ಕಾಲಲ್ಲ, ಧೋತರದ ಚುಂಗು ಎಂದು ವಾದಿಸುವವರನ್ನು ತಾವು ದಿನಾ ನೋಡುತ್ತೀರಿ. ನಾನು ಆ ಪೈಕಿಯವನಲ್ಲ. ನನಗೆ ಲೈಸೆನ್ಸ್ ಸಿಕ್ಕಿದೆ. ಅದರ ಮೇಲೆ ತಮ್ಮ ಸಹಿ ಇದೆ, ಸರಕಾರದ ಮೊಹರು ಇದೆ, ಕುರಿ ಕದ್ದು ಸಿಕ್ಕಿಬಿದ್ದವನಂತೆ ಕಾಣುವ ನನ್ನ ಫೋಟೋ ಇದೆ. ಫೋಟೋದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಹೆಂಡತಿ ಮಾನಮ್ಮ ಅದನ್ನು ನೋಡಿ "ಥೇಟ್ ನಿಮ್ಮಂಗ ಬಂದದ" ಎಂದು ಹೇಳಿಯಾಗಿದೆ. ನನ್ನ ತಕರಾರು ಇರುವುದು ಪಾಸಿನ ಬಗ್ಗೆ ಮತ್ತು ಅದೇ ದಿನ ಅದೇ ಮೇಜಿನ ಮೇಲೆ ತಾವು ಮಾಡಿದ ಇನ್ನೊಂದು ಕೆಲಸದ ಬಗ್ಗೆ.

ಇದನ್ನು ಪತ್ರಿಕೆಯ ಮೂಲಕ ಏಕೆ ಬರೆಯುತ್ತಿದ್ದಾನೆ, ನೇರವಾಗಿ ಕಚೇರಿಗೆ ಬರೆಯಬಾರದಿತ್ತೇ ಎಂದು ತಾವು ಕೇಳಬಹುದು. ಬರೆದಿದ್ದೆ. ಕನ್ನಡದಲ್ಲಿ ಬರೆದಿದ್ದೆ. "ಇಂಗ್ಲಿಷಿನಲ್ಲಿ ಬರೆದು ಕಳಿಸುವುದು" ಎಂಬ ಷರಾದೊಂದಿಗೆ ಅದು ತಿರುಗಿ ಬಂತು. ಹೋದ ನವೆಂಬರಿನಲ್ಲಿ ನಮ್ಮನ್ನು ಮೈಸೂರು ರಾಜ್ಯಕ್ಕೆ ಕೂಡಿಸಿದ ದಿನ ಶಹಾಪುರದಲ್ಲಿ ನಾವು ತೋರಣ ಕಟ್ಟಿದ್ದೆವು. ಇನ್ನು ಮೇಲೆ ಸರಕಾರ ನಿಮ್ಮ ನಾಲಿಗೆಯಲ್ಲಿ ಮಾತಾಡುತ್ತದೆ ಎಂದು ಭಾಷಣಕಾರರೊಬ್ಬರು ಕಣ್ಣೀರು ತುಂಬಿಕೊಂಡು ಹೇಳಿದ್ದರು. ನಾನು ಶಾಲೆಯಲ್ಲಿ ಕಲಿತದ್ದು ಉರ್ದು. ಆ ಭಾಷಣ ಕೇಳಿ, ಮೂವತ್ತು ದಾಟಿದ ಮೇಲೆ ಹೆಂಡತಿಯ ಹತ್ತಿರ ಕೂತು ಕನ್ನಡ ಬರೆಯುವುದನ್ನು ಕಲಿತೆ. ಕಲಿತು ಮುಗಿಯುವಷ್ಟರಲ್ಲಿ ಸರಕಾರ ಇಂಗ್ಲಿಷಿಗೆ ಹೋಗಿಬಿಟ್ಟಿತ್ತು. ಅದರ ಬೆನ್ನು ಹತ್ತಿ ಓಡುವಷ್ಟು ದಮ್ಮು ನನಗಿಲ್ಲ. ಪತ್ರಿಕೆಯವರಾದರೆ ಕನ್ನಡ ಓದುತ್ತಾರೆ.

ನಾನು ಸುರಪುರದವನು, ನೌಕರಿ ಶಹಾಪುರದ ದನದ ದವಾಖಾನೆಯಲ್ಲಿ. ಹುದ್ದೆಯಿಂದ ಕಂಪೌಂಡರ್, ಹಳ್ಳಿಗಳಲ್ಲಿ ಡಾಕ್ಟರ್ ಎನ್ನುತ್ತಾರೆ, ನಾನು ತಿದ್ದುವುದಿಲ್ಲ. ದೋರನಹಳ್ಳಿಯ ಎತ್ತು, ವನದುರ್ಗದ ಕುರಿ, ನಡುವಿನ ಊರುಗಳ ಆಡು, ಎಮ್ಮೆ ಎಲ್ಲಕ್ಕೂ ಔಷಧ ಹೊತ್ತು ಸೈಕಲ್ ಮೇಲೆ ತಿರುಗುತ್ತಿದ್ದೆ. ನಾನು ತಲುಪುವ ಹೊತ್ತಿಗೆ ಎಷ್ಟೋ ಸಲ ಕುರಿಗೆ ಔಷಧ ಬೇಕಾಗುತ್ತಿರಲಿಲ್ಲ, ಕುಣಿ ಬೇಕಾಗುತ್ತಿತ್ತು. ಇದನ್ನು ಮೇಲಿನವರು ಕಂಡು, ಯುದ್ಧಕಾಲದ್ದೊಂದು ಹಸಿರು ಬಣ್ಣದ ಹಳೆಯ ಮೋಟಾರ್ ಸೈಕಲ್ಲನ್ನು ನಮ್ಮ ದವಾಖಾನೆಗೆ ಕಳಿಸಿದರು. ಅದರ ಸಪ್ಪಳಕ್ಕೆ ದವಾಖಾನೆಯಲ್ಲಿ ಕಟ್ಟಿದ್ದ ರೋಗಿ ಎಮ್ಮೆ ಹಗ್ಗ ಹರಿದುಕೊಂಡು ಆರೋಗ್ಯವಂತ ಎಮ್ಮೆಯ ಹಾಗೆ ಮನೆಗೆ ಓಡಿತು. ಗಾಡಿಯ ಹಿಂದೆಯೇ ತಮ್ಮ ಹುಕುಂ ಬಂತು: ಸುರಕ್ಷಿತ ಸವಾರಿಯ ಶಿಬಿರಕ್ಕೆ ಹಾಜರಾಗದೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದೆ ಸವಾರಿ ಇಲ್ಲ.

ಶಿಬಿರ ಯಾದಗಿರಿಯಲ್ಲಿ ನಡೆಯಿತು. ಕಲಿಸಲು ಬಂದವರು ಮೈಸೂರು ಕಡೆಯ ಮೇಷ್ಟರು, ಬಹಳ ಒಳ್ಳೆಯ ಮನುಷ್ಯ. ಬಿಳಿ ಪ್ಯಾಂಟು ಹಾಕಿಕೊಂಡು ಯಾದಗಿರಿಯ ಧೂಳಿನಲ್ಲಿ ನಡೆದಾಡಿದ ಅವರ ಧೈರ್ಯವನ್ನು ನಾನು ಎಂದೂ ಮರೆಯುವುದಿಲ್ಲ. ನಾಲ್ಕು ರಸ್ತೆ ಕೂಡುವ ಚೌಕದಲ್ಲಿ ಕೊಡೆಯ ಕೆಳಗೆ ನಿಂತ ಪೊಲೀಸನ ಚಿತ್ರವನ್ನು ಅವರು ಹಲಗೆಯ ಮೇಲೆ ಅಂದವಾಗಿ ಬರೆದರು. ಪೊಲೀಸ ಕೈ ಎತ್ತಿದರೆ ನಿಲ್ಲಬೇಕು, ಕೈ ಬೀಸಿದರೆ ಹೋಗಬೇಕು. ನಾನು ಎದ್ದು ನಿಂತು ಕೇಳಿದೆ: "ಸರ್, ಎದುರಿಗೆ ಕುರಿ ಹಿಂಡು ಬಂದ್ರ ಏನ್ ಮಾಡ್ಬೇಕ್ರಿ?" ಮೇಷ್ಟರು ಕ್ಷಣ ಯೋಚಿಸಿ, "ಹಾರನ್ ಮಾಡಿ" ಎಂದರು. ಇಡೀ ಕ್ಲಾಸು ನಕ್ಕಿತು. ಹಾರನ್ ಕೇಳಿದ ಕುರಿ ಪಕ್ಕಕ್ಕೆ ಸರಿಯುತ್ತದೆ ಎಂದು ನಂಬಿದ ಮೊದಲ ಮನುಷ್ಯನನ್ನು ನಾವು ಅಂದು ಕಂಡೆವು.

ಬಲಕ್ಕೆ ಹೊರಳುವ ಮುಂಚೆ ಬಲಗೈ ಚಾಚಬೇಕು ಎಂಬುದೂ ಅಲ್ಲಿ ಕಲಿತ ಪಾಠವೇ. ದೋರನಹಳ್ಳಿಯ ತಿರುವಿನಲ್ಲಿ ಸೈಕಲ್ ಮೇಲೆ ಅದನ್ನು ಅಭ್ಯಾಸ ಮಾಡಲು ಹೋಗಿ ನಾನು ಕೈ ಚಾಚಿದೆ. ಬೇವಿನ ಗಿಡದ ಕೆಳಗೆ ಕೂತಿದ್ದ ಮುದುಕನೊಬ್ಬ ಎದ್ದು, ಕೋಲೂರುತ್ತ ರಸ್ತೆಗೇ ಬಂದ. "ಯಾಕ್ರಿ, ಕರದ್ರೇನು?" ನಾನು ಇಲ್ಲವೆಂದೆ. "ಮತ್ತ ಕೈ ಯಾಕ ಮಾಡಿದ್ರಿ?" ಸರಕಾರದ ಹುಕುಂ ಎಂದೆ. ಪಾಪ, ಸರಕಾರವೇ ಕರೆದಿದೆ ಎಂದು ತಿಳಿದು ಅವನು ತಪ್ಪೊಪ್ಪಿಕೊಳ್ಳುವವನಂತೆ ನಿಂತುಬಿಟ್ಟ. ಅವನನ್ನು ಸಮಾಧಾನ ಮಾಡಿ ಕೂಡಿಸಿ ಬರುವುದರೊಳಗೆ ತಿರುವೇ ನನಗೆ ಮರೆತುಹೋಗಿತ್ತು.

ಇನ್ನು ಮೊದಲ ಪರೀಕ್ಷೆ. ತಮಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ. ಮೈದಾನದಲ್ಲಿ ತಾವು ನಿಂತಿದ್ದಿರಿ. ನಾನು ಗಾಡಿ ಏರಿ ವಿನಯದಿಂದ ಕೇಳಿದೆ: "ಹೊಡೀಲೇನ್ರಿ ಸಾಹೇಬ್ರ?"

ತಾವು ಗಾಬರಿಯಾದಿರಿ. "ಯಾಕಪ್ಪಾ ಹೊಡೀತೀಯಾ? ಯಾರ್ನ?"

"ಗಾಡೀರಿ. ನೀವು ಹ್ಞೂಂ ಅಂದ್ರ ಹೊಡದು ತೋರಸ್ತೀನಿ."

ತಾವು ನಾಲ್ಕು ಹೆಜ್ಜೆ ಹಿಂದೆ ಸರಿದಿರಿ. ನಮ್ಮಲ್ಲಿ ಗಾಡಿಯನ್ನು ಹೊಡೆಯುತ್ತಾರೆ, ತಮ್ಮಲ್ಲಿ ಓಡಿಸುತ್ತಾರೆ ಎಂದು ಗುಮಾಸ್ತರು ತಮ್ಮ ಕಿವಿಯಲ್ಲಿ ಹೇಳಿದ ಮೇಲೆ ಪರೀಕ್ಷೆ ಮುಂದುವರಿಯಿತು. ತಾವು ಕೂಗಿ ಹೇಳಿದಿರಿ: "ಒಂದು ಸುತ್ತು ಹೋಗಿ, ಆ ಮರದ ಹತ್ರ ನಿಲ್ಸು!" ನಾನು ಸುತ್ತು ಹೊಡೆದು ಮರಕ್ಕಾಗಿ ಹುಡುಕಿದೆ. ಸಾಹೇಬರೇ, ನಮ್ಮ ಕಡೆ ಬೇವು, ಬನ್ನಿ, ಹುಣಸೆ ಎಲ್ಲವೂ ಗಿಡ. ಮರ ಎಂದರೆ ಕಾಳು ಕೇರುವ ಮರ, ತಮ್ಮ ಕಡೆಯ ಮೊರ. ಮೈದಾನದ ಮೂಲೆಯ ಗುಡಿಸಲ ಮುಂದೆ ಹೆಣ್ಣುಮಗಳೊಬ್ಬಳು ಆಗ ಜೋಳ ಕೇರುತ್ತಿದ್ದದ್ದು ನನ್ನ ಹಣೆಬರಹ. ನೇರವಾಗಿ ಹೋಗಿ ಅವಳ ಮರದ ಪಕ್ಕದಲ್ಲಿ, ಗೇಣು ಅಂತರದಲ್ಲಿ, ಬ್ರೇಕು ಹಾಕಿ ನಿಲ್ಲಿಸಿದೆ. ಅಷ್ಟು ಚೆಂದದ ಬ್ರೇಕನ್ನು ಅದಕ್ಕೂ ಮುಂಚೆ ನಾನು ಹಾಕಿರಲಿಲ್ಲ. ಜೋಳದ ಹೊಟ್ಟೆಲ್ಲ ಹಾರಿ ನನ್ನ ಮೈಮೇಲೆ, ಆಕೆಯ ಬೈಗುಳವೆಲ್ಲ ಹಾರಿ ತಮ್ಮ ಕಿವಿಯ ಮೇಲೆ. ತಾವು ಬರೆದಿರಿ: "ಸೂಚನೆ ಪಾಲಿಸುವುದಿಲ್ಲ. ನಪಾಸು." ಒಂದೇ ಭಾಷೆಯವರು ಎಂದು ಕೂಡಿಸಿದವರು ಒಂದು ಮರದ ವಿಷಯವನ್ನಾದರೂ ಮೊದಲೇ ಇತ್ಯರ್ಥ ಮಾಡಬಾರದಿತ್ತೇ? ಇರಲಿ. ಆ ನಪಾಸಿನ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ಜೀವನದಲ್ಲಿ ಸರಕಾರ ನನಗೆ ಮಾಡಿದ ದೊಡ್ಡ ಉಪಕಾರ ಅದು ಎಂದು ನನಗೆ ಆಮೇಲೆ ತಿಳಿಯಿತು.

ನಪಾಸಾದವನಿಗೆ ತಾವು ಕಲಿಯುವವನ ಚೀಟಿ ಕೊಟ್ಟಿರಿ. ಲೈಸೆನ್ಸ್ ಇದ್ದವರೊಬ್ಬರು ಪಕ್ಕದಲ್ಲಿ ಕೂತಿದ್ದರೆ ಮಾತ್ರ ಕಲಿಯುವವನು ಗಾಡಿ ಹೊಡೆಯಬಹುದು ಎಂದು ಅದರಲ್ಲಿತ್ತು. ಮೋಟಾರ್ ಸೈಕಲ್ಲಿಗೆ ಪಕ್ಕ ಎಲ್ಲಿರುತ್ತದೆ ಎಂದು ನಾನು ಕೇಳಿದೆ. ಗುಮಾಸ್ತರು ಒಳಗೆ ಹೋಗಿ ತಮ್ಮನ್ನು ಕೇಳಿ ಬಂದರು: "ಹಿಂದೆ ಕುಳಿತರೂ ಪಕ್ಕ ಎಂದೇ ಭಾವಿಸತಕ್ಕದ್ದು." ಈ ತೀರ್ಪಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ.

ಆದರೆ ಶಹಾಪುರದಲ್ಲಿ ಲೈಸೆನ್ಸ್ ಇದ್ದವರು ಯಾರು? ಬಸ್ಸಿನ ಡ್ರೈವರು ಬಸ್ಸಿನಲ್ಲೇ ಇರುತ್ತಾನೆ. ಕಾರು ಇದ್ದ ವಕೀಲರು ನನ್ನ ಹಿಂದೆ ಕೂತು ಕುರಿಹಟ್ಟಿಗೆ ಬರುವರೇ? ನಾನು ಚಿಂತೆ ಮಾಡುತ್ತ ಕೂತಾಗ ಮಾನಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನಮ್ಮ ಓಣ್ಯಾಗ ಬಾಷುಮಿಯಾ ಚಾಚಾ ಅದಾರಲ್ಲ. ಮೊದಲು ಅವರು ಫಟಫಟಿ ಮ್ಯಾಲನ ತಿರಗತಿದ್ರು."

ಬಾಷುಮಿಯಾ ಚಾಚಾ ಹತ್ತು ವರ್ಷದ ಹಿಂದಿನ ನವಾಬಿ ಸರಕಾರದಲ್ಲಿ ಫಟಫಟಿಯ ಮೇಲೆ ಸರಕಾರಿ ಟಪಾಲು ಒಯ್ಯುತ್ತಿದ್ದವರು. ಆ ಸರಕಾರ ಹೋದಾಗ ಅವರ ನೌಕರಿಯೂ ಹೋಯಿತು. ಆಮೇಲೆ ಅವರು ಮನೆಯಿಂದ ಹೊರಗೆ ಕಾಣಿಸುವುದೇ ಕಡಿಮೆಯಾಯಿತು. ನಾನು ಹೋದಾಗ ಅಂಗಳದಲ್ಲಿ ಕೂತಿದ್ದರು. ನನ್ನ ಕತೆ ಕೇಳಿ ಒಳಗೆ ಹೋಗಿ, ಪೆಟ್ಟಿಗೆಯಲ್ಲಿ ಹೆಂಡತಿಯ ಸೀರೆಗಳ ಕೆಳಗಿದ್ದ ಹಳೆಯ ಲೈಸೆನ್ಸ್ ತಂದರು. ಉರ್ದು ಅಕ್ಷರ, ದೊಡ್ಡ ಮೊಹರು. ಹೊಸ ಹುಕುಂ ಬರುವವರೆಗೆ ಅದು ಇನ್ನೂ ಊರ್ಜಿತದಲ್ಲಿತ್ತು.

"ನಾ ಏನ್ ಮಾಡಬೇಕು ಹೇಳು."

"ಹಿಂದ ಕುಂದ್ರಬೇಕ್ರಿ ಚಾಚಾ. ಅಷ್ಟ."

"ಅಷ್ಟ ಅನಬ್ಯಾಡ," ಎಂದರು ಚಾಚಾ. "ನೀ ಎಲ್ಲೆರ ಬಿದ್ದಿ ಅಂದ್ರ ಸರಕಾರ ನನ್ನ ಕೇಳ್ತದ. ಜಿಮ್ಮೇದಾರಿ ನಂದು."

ಮರುದಿನ ಮುಂಜಾನೆ ಅವರು ಹಳೆಯ ಖಾಕಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಧೂಳಿಗೆ ಹಾಕುವ ದೊಡ್ಡ ಕನ್ನಡಕ ಏರಿಸಿಕೊಂಡು ದವಾಖಾನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಒಳ್ಳೆಯ ಗುರುವಾಗಿದ್ದರೆಂದು ನಾನು ಸುಳ್ಳು ಹೇಳುವುದಿಲ್ಲ. ನಾನು ಎಡಕ್ಕೆ ವಾಲಿದರೆ ಅವರು ಬಲಕ್ಕೆ ವಾಲುತ್ತಿದ್ದರು. ನಡುವೆ ಗಾಡಿ ಯಾರ ಮಾತು ಕೇಳಬೇಕೆಂದು ತಿಳಿಯದೆ ನೇರವಾಗಿ ತೊಗರಿ ಹೊಲಕ್ಕೆ ಹೋಗುತ್ತಿತ್ತು. ಕಲ್ಲು ಬಂದರೆ ಎಡಭುಜಕ್ಕೊಂದು ಪೆಟ್ಟು, ತಗ್ಗು ಬಂದರೆ ಬಲಭುಜಕ್ಕೊಂದು ಪೆಟ್ಟು. ಅವರ ಪೆಟ್ಟು ಬೀಳುವಾಗ ತಗ್ಗು ದಾಟಿ ಬಹಳ ಹೊತ್ತಾಗಿರುತ್ತಿತ್ತು. "ನಾ ಹೇಳಿದ್ದೆ ಇಲ್ಲ?" ಎನ್ನುತ್ತಿದ್ದರು. ಪ್ರತಿ ಊರಿನಲ್ಲೂ ಚಹಾ ಬೇಕು. ಚಹಾ ಆದ ಮೇಲೆ ಆ ಚಹಾ ಚೆನ್ನಾಗಿರಲಿಲ್ಲ ಎಂಬ ಮಾತು ಮುಂದಿನ ಊರಿನವರೆಗೆ.

ಒಮ್ಮೆ ಹೊಸದಾಗಿ ವರ್ಗವಾಗಿ ಬಂದ ಪೊಲೀಸ ನಮ್ಮನ್ನು ತಡೆದ. ಚಾಚಾ ಲೈಸೆನ್ಸ್ ಕೊಟ್ಟರು. ಅವನು ಅದನ್ನು ತಲೆಕೆಳಗೆ ಹಿಡಿದು ಗಂಭೀರವಾಗಿ ನೋಡಿದ. ಚಾಚಾ ಅವನ ಕೈಯಿಂದ ತೆಗೆದುಕೊಂಡು, ಕೊಟ್ಟ ಸರಕಾರದ ಬಿರುದು ಬಾವಲಿಗಳಿಂದ ಹಿಡಿದು ಕೊನೆಯ ಸಹಿಯವರೆಗೆ ಗಟ್ಟಿ ದನಿಯಲ್ಲಿ ಓದಿದರು. ಓದು ಮುಗಿಯುವಷ್ಟರಲ್ಲಿ ಪೊಲೀಸ ಅಟೆನ್ಷನ್ನಿನಲ್ಲಿ ನಿಂತಿದ್ದ.

ಆದರೆ ವನದುರ್ಗದಲ್ಲಿ ಮೊದಲ ದಿನ ಆದದ್ದು ಬೇರೆ. ನಮ್ಮ ಸಪ್ಪಳ ಕೇಳಿದ್ದೇ ಓಣಿಯ ಬಾಗಿಲುಗಳು ಪಟಪಟ ಮುಚ್ಚಿದವು. ಕುರಿಗಾರ ಅಮೋಘಸಿದ್ದನ ಹೆಂಡತಿ ಮಾಳಮ್ಮನೇ ನಮಗೆ ಬರಲು ಹೇಳಿ ಕಳಿಸಿದ್ದಳು. ಆಕೆಯ ಬಾಗಿಲೂ ಮುಚ್ಚಿತ್ತು. ಒಳಗಿನಿಂದ ದನಿ ಬಂತು: "ಜ್ವಾಳಾ ಇಲ್ರೀ! ಒಂದು ಕಾಳೂ ಇಲ್ಲ!"

ನನಗೆ ತಿಳಿಯಲಿಲ್ಲ. ಚಾಚಾರಿಗೆ ತಿಳಿಯಿತು. ಹಿಂದಿನ ಸರಕಾರ ಮನೆಮನೆಯಿಂದ ಕಡ್ಡಾಯವಾಗಿ ಲೆವಿ ಜೋಳ ಎತ್ತುತ್ತಿದ್ದ ಕಾಲದಲ್ಲಿ ಆ ಹುಕುಮುಗಳನ್ನು ಊರೂರಿಗೆ ತರುತ್ತಿದ್ದವರು ಅವರೇ. ಅದೇ ಫಟಫಟಿಯ ಸಪ್ಪಳ, ಅದೇ ಕೋಟು. ಹತ್ತು ವರ್ಷವಾದರೂ ಊರು ಆ ಕೋಟನ್ನು ಮರೆತಿರಲಿಲ್ಲ. "ನಾವು ಕುರಿ ನೋಡಾಕ ಬಂದೀವಿ ತಾಯಿ" ಎಂದು ನಾನು ಕೂಗಿ ಬಾಗಿಲು ತೆರೆಸಿದೆ. ಚಾಚಾ ಗಾಡಿಯಿಂದ ಇಳಿಯಲಿಲ್ಲ. ನಾನು ಕುರಿಗಳನ್ನು ನೋಡಿ ಬರುವವರೆಗೆ ಊರಿಗೆ ಬೆನ್ನು ತಿರುಗಿಸಿ ಸೀಟಿನ ಮೇಲೇ ಕೂತಿದ್ದರು. ದಾರಿಯಲ್ಲಿ ನನ್ನ ಭುಜಕ್ಕೆ ಒಂದು ಪೆಟ್ಟೂ ಬೀಳಲಿಲ್ಲ.

ಆ ದಿನವೇ ಅವರು ಕೆಲಸ ಬಿಟ್ಟಾರು ಎಂದುಕೊಂಡಿದ್ದೆ. ಬಿಡಲಿಲ್ಲ. ಮುಂದಿನ ಸಲ ವನದುರ್ಗಕ್ಕೆ ಹೋದಾಗ ಮಾಳಮ್ಮನ ಟಗರೊಂದು ಔಷಧ ಕುಡಿಯಲೊಲ್ಲದೆ ನನ್ನನ್ನು ಎರಡು ಸಲ ನೆಲಕ್ಕೆ ಕೆಡವಿತು. ಚಾಚಾ ಗಾಡಿಯಿಂದ ಇಳಿದು ಬಂದು, ಟಗರಿನ ಎರಡೂ ಕೋಡು ಹಿಡಿದು ತೊಡೆಯ ನಡುವೆ ಒತ್ತಿ ನಿಂತರು. ನಾನು ಔಷಧ ಹಾಕಿದೆ. ಟಗರು ಅಷ್ಟನ್ನೂ ಬಾಯಲ್ಲಿಟ್ಟುಕೊಂಡು, ಸೀನಿ, ಚಾಚಾರ ಕೋಟಿನ ಮೇಲೆ ಉಗುಳಿತು. ಮಾಳಮ್ಮ ಬಾಯಿಗೆ ಸೆರಗು ಹಿಡಿದಳು, ಆದರೂ ನಗು ತಡೆಯಲಿಲ್ಲ.

"ಯಪ್ಪಾ, ಈ ಕೋಟು ಮೊದಲ ಜ್ವಾಳಾ ಬೇಡಾಕ ಬರತಿತ್ತು. ಈಗ ಔಷಧಾ ಕುಡ್ಯಾಕ ಬರಾಕತ್ತದ!"

ಚಾಚಾ ಒದ್ದೆಯಾದ ಕೋಟನ್ನು ನೋಡಿಕೊಂಡರು. ಆಮೇಲೆ ಅವರೂ ನಕ್ಕರು. ಮಾಳಮ್ಮ ತಂಬಿಗೆಯಲ್ಲಿ ನೀರು ತಂದು ಕೋಟಿನ ಮೇಲೆ ಸುರಿದಳು, ರೊಟ್ಟಿ ಪುಂಡಿಪಲ್ಯ ಕೊಟ್ಟಳು. ಅಂದಿನಿಂದ ಚಾಚಾ ಆ ಊರಿಗೆ ಲೈಸನ್ ಸಾಹೇಬರಾದರು. ಗಾಡಿಯ ಸಪ್ಪಳ ಕೇಳಿದರೆ ಬಾಗಿಲುಗಳು ತೆರೆಯತೊಡಗಿದವು. ಒಳಗೆ ಬಾ ಎನ್ನುವವರು ಮೊದಲು ಅವರನ್ನು ಕರೆದು ಆಮೇಲೆ ನನ್ನನ್ನು ಕರೆಯುತ್ತಿದ್ದರು. ಚಾಚಾರ ಹೆಂಡತಿ ಇಮಾಮಬೀ ಚಾಚಿ ಒಮ್ಮೆ ಬಾಗಿಲಲ್ಲಿ ನನ್ನನ್ನು ತಡೆದು ಮೆಲ್ಲಗೆ ಹೇಳಿದರು: "ಯಂಕಣ್ಣಾ, ಈಗ ರಾತ್ರಿ ನಿದ್ದಿ ಮಾಡಾಕತ್ತಾರಪ್ಪ."

ಇದೆಲ್ಲ ನಡೆಯುತ್ತಿದ್ದಾಗ ತಾವು ನನ್ನನ್ನು ಮತ್ತೆ ಪರೀಕ್ಷೆಗೆ ಕರೆದಿರಿ.

ನಾನು ಪಾಸಾಗಲಿ ಎಂದು ಮಾನಮ್ಮ ಅಬ್ಬೆತುಮಕೂರಿನ ಮಠಕ್ಕೆ ಕಾಯಿ ಹರಕೆ ಹೊತ್ತಳು. ಚಾಚಾ ಕೋಟನ್ನು ಇಸ್ತ್ರಿ ಮಾಡಿಸಿದರು. ಅವರೇ ಹಿಂದೆ ಕೂತು, ದಾರಿಯುದ್ದಕ್ಕೂ ನನ್ನ ಎರಡೂ ಭುಜಕ್ಕೆ ಪೆಟ್ಟು ಕೊಡುತ್ತ, ಭೀಮಾ ದಾಟಿಸಿ ನನ್ನನ್ನು ಯಾದಗಿರಿಗೆ ತಂದರು. ಮೈದಾನದಲ್ಲಿ ನಾನು ಎಂಟು ಹಾಕಿದೆ, ಕೈ ತೋರಿಸಿದೆ, ತಾವು ಮರ ಎಂದಾಗ ಗಿಡದ ಬುಡಕ್ಕೆ ನಿಲ್ಲಿಸಿದೆ. ತಾವು ನಕ್ಕು, "ಭೇಷ್! ಪಾಸ್" ಎಂದಿರಿ. ಚಾಚಾ ನನಗಿಂತ ಮೊದಲು ಟೊಪ್ಪಿಗೆ ತೆಗೆದು ತಮಗೆ ಸಲಾಮು ಮಾಡಿದರು.

ಆಗ ತಾವು ಅವರನ್ನು ನೋಡಿದಿರಿ. "ಇವರ್ಯಾರು?" ಎಂದಿರಿ. ಕಲಿಸಿದವರು ಎಂದೆ. "ಎಲ್ಲಿ, ನಿಮ್ಮ ಲೈಸೆನ್ಸ್ ನೋಡೋಣ" ಎಂದಿರಿ. ಅವರು ಹೆಮ್ಮೆಯಿಂದ ತೆಗೆದು ಕೊಟ್ಟರು. ಹಳೆಯ ಸರಕಾರದ ಲೈಸೆನ್ಸುಗಳನ್ನು ವಾಪಸು ಪಡೆಯುವ ಹುಕುಂ ಆಗಷ್ಟೇ ಬಂದಿತ್ತಂತೆ. ತಾವು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೀರು ಎಳೆದು ಮೇಜಿನ ಖಾನೆಯಲ್ಲಿ ಹಾಕಿದಿರಿ.

"ನಾನೂ ಪರೀಕ್ಷಾ ಕೊಡ್ತೀನ್ರಿ ಸಾಹೇಬ್," ಎಂದರು ಚಾಚಾ.

ತಾವು ಗೋಡೆಯ ಮೇಲಿನ ಹಲಗೆ ತೋರಿಸಿ ಓದಲು ಹೇಳಿದಿರಿ. "ನನಗ ಕನ್ನಡಾ ಅಕ್ಷರ ಬರಂಗಿಲ್ರಿ," ಎಂದರು. ಅಕ್ಷರ ಬರಲಿಲ್ಲವೋ, ಕಣ್ಣಿಗೆ ಹಲಗೆಯೇ ಕಾಣಲಿಲ್ಲವೋ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ತಾವು ಬೈಯಲಿಲ್ಲ, ಗದರಲಿಲ್ಲ. ಎದ್ದು ಬಂದು ಅವರ ಬೆನ್ನ ಮೇಲೆ ಕೈಯಿಟ್ಟು, "ಸಾಕು ಬಿಡಿ ಅಜ್ಜಾ, ಇನ್ನು ಮನೇಲಿ ಆರಾಮಾಗಿ ಇರಿ" ಎಂದಿರಿ. ಸಾಹೇಬರೇ, ತಾವು ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಅವರು ದಾರಿಯುದ್ದಕ್ಕೂ ತಮ್ಮನ್ನು ಬೈದು ಹಗುರಾಗುತ್ತಿದ್ದರು. ಅಷ್ಟು ಒಳ್ಳೆಯ ಮಾತಿಗೆ ಮನುಷ್ಯ ಏನು ಉತ್ತರ ಕೊಟ್ಟಾನು?

ಬರುವಾಗ ಅವರು ಹಿಂದೆ ಇದ್ದಾರೋ ಇಲ್ಲವೋ ಎಂದು ನಾನು ಎರಡು ಸಲ ತಿರುಗಿ ನೋಡಿದೆ. ದೋರನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಳಿದವರು ಮತ್ತೆ ಏರಲಿಲ್ಲ.

"ನೀ ನಡಿ. ನಾ ಬಂಡಿ ಹಿಡದು ಬರ್ತೀನಿ."

"ಯಾಕ್ರಿ ಚಾಚಾ?"

"ಪಾಸಾದಾಂವಗ ಹಿಂದ ಮಂದಿ ಬೇಕಾಗಿಲ್ಲ."

ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಹತ್ತಿ ಹೇರಿದ ಬಂಡಿಯೊಂದರ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಬಂದರು. ನಾನು ಮುಂದೆ ಹೋಗಲಾರದೆ, ಹಿಂದೆ ನಿಲ್ಲಲಾರದೆ, ಜೇಬಿನಲ್ಲಿ ತಾವು ಕೊಟ್ಟ ಲೈಸೆನ್ಸ್ ಇಟ್ಟುಕೊಂಡು ಊರು ಸೇರಿದೆ.

ಮರುದಿನ ಅವರ ಮನೆಗೆ ಹೋಗಿ ಕರೆದೆ. ಕೋಟು ಇಲ್ಲದೆ ಕೂತಿದ್ದರು. "ಬರ್ರಿ ಚಾಚಾ, ವನದುರ್ಗಕ್ಕ ಹೋಗೂಣು" ಎಂದೆ. ಅವರು ಕೇಳಿದರು: "ಯಾವ ಹೈಸಿಯತ್ ಮ್ಯಾಗ ಬರ್ಲಿ?" ಅಂದರೆ ಏನಾಗಿ, ಯಾವ ಸ್ಥಾನದ ಮೇಲೆ ಎಂದು. ಸ್ನೇಹಿತನಾಗಿ ಬನ್ನಿ ಎಂದೆ. "ಸ್ನೇಹಕ್ಕ ಮನಿಗೆ ಬಾ, ಚಹಾ ಕುಡಿ. ಸರಕಾರಿ ಗಾಡಿ ಮ್ಯಾಲ ಬಿಟ್ಟಿ ಕುಂದ್ರಾಂವ ನಾ ಅಲ್ಲ." ವನದುರ್ಗದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಲೈಸನ್ ಸಾಹೇಬ್ರು ಎಲ್ಲಿ? ಆರಾಮ ಅದಾರಿಲ್ಲ?" ನಾನು ಪಾಸಾದ ಸುದ್ದಿ ಹೇಳಿದರೆ ಯಾರೂ ಸಂತೋಷ ಪಡಲಿಲ್ಲ. ಫಟಫಟಿಯ ಸಪ್ಪಳ ಕೇಳಿದರೆ ಚಾಚಾ ಎದ್ದು ಒಳಕೋಣೆಗೆ ಹೋಗುತ್ತಾರೆಂದು ಇಮಾಮಬೀ ಚಾಚಿ ಹೇಳಿದ ಮೇಲೆ, ನಾನು ಅವರ ಓಣಿಯಲ್ಲಿ ಗಾಡಿ ಆರಿಸಿ ನೂಕಿಕೊಂಡು ದಾಟುತ್ತಿದ್ದೇನೆ. ಲೈಸೆನ್ಸ್ ಇದ್ದು ಗಾಡಿ ನೂಕುವವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ತಮ್ಮ ಕಚೇರಿಗೆ ಬಂದೆ. ತಾವು ಊರೂರು ತಿರುಗುವ ದೌರೆಯ ಮೇಲೆ ಹೋಗಿದ್ದಿರಿ. ನನ್ನ ಪಾಸನ್ನು ನಪಾಸು ಮಾಡಿ, ಚಾಚಾರ ಲೈಸೆನ್ಸ್ ತಿರುಗಿ ಕೊಡಿ ಎಂದು ಗುಮಾಸ್ತರಲ್ಲಿ ಕೇಳಿದೆ. ಅವರು ಕಾಯಿದೆಯ ಪುಸ್ತಕ ತಿರುವಿ ನೋಡಿ, ತಾನಾಗಿಯೇ ನಪಾಸಾಗಲು ಅವಕಾಶವಿಲ್ಲ ಎಂದರು. ಬೇರೆ ದಾರಿ? ಅವರು ಸುತ್ತ ನೋಡಿ, ದನಿ ತಗ್ಗಿಸಿ, "ಯಾರಿಗೆರ ಗುದ್ದಿ ಬರ್ರಿ. ಆಮ್ಯಾಲ ನೋಡೂಣು" ಎಂದರು. ಸುರಕ್ಷಿತ ಸವಾರಿಯ ಶಿಬಿರ ನಡೆಸಿದ ಕಚೇರಿಯಲ್ಲಿ ಈ ಸಲಹೆ ಸಿಕ್ಕಿತು ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ನಾನಿನ್ನೂ ಯಾರಿಗೂ ಗುದ್ದಿಲ್ಲ.

ಹೋದ ವಾರ ಮಾಳಮ್ಮ ವನದುರ್ಗದಿಂದ ನಡೆದು ದವಾಖಾನೆಗೆ ಬಂದಳು. ಮಳೆಗೆ ಚಿಗುರಿದ ಎಳೆ ಜೋಳ ತಿಂದು ಕುರಿಗಳು ಹೊಟ್ಟೆ ಉಬ್ಬಿ ಬಿದ್ದಿದ್ದವು. ನಾನು ಔಷಧದ ಪೆಟ್ಟಿಗೆ ಕಟ್ಟಿ ಗಾಡಿ ಚಾಲು ಮಾಡಿದೆ.

"ಸಾಹೇಬ್ರು ಎಲ್ಲಿ?" ಎಂದಳು.

"ಈಗ ಅವರ ಗರಜು ಇಲ್ಲ ತಾಯಿ. ನನಗ ಲೈಸನ್ ಬಂದದ."

"ನಿನಗ ಗರಜು ಇರಾಕಿಲ್ಲ. ಕುರಿ ಹಿಡಿಯೋರು ಯಾರು? ನನ್ನ ಗಂಡ ಒಬ್ಬಾಂವ ಎಷ್ಟಂತ ಹಿಡದಾನು?" ಎಂದವಳೇ ನೇರ ಚಾಚಾರ ಮನೆಗೆ ಹೋದಳು. ಅಂಗಳದಲ್ಲಿ ನಿಂತು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಚಾಚಾ ಕೋಟು ಹಾಕಿಕೊಂಡು ಹೊರಗೆ ಬಂದರು. ನನ್ನ ಗಾಡಿಯ ಪಕ್ಕದಿಂದಲೇ ದಾಟಿ, ವನದುರ್ಗದ ದಾರಿ ಹಿಡಿದು ನಡೆಯತೊಡಗಿದರು.

"ಏರ್ರಿ ಚಾಚಾ!"

"ಕುರಿ ಹಿಡ್ಯಾಕ ಲೈಸನ್ ಬೇಕಾಗಿಲ್ಲ. ಗಾಡಿಗೆ ಬೇಕು. ನಾ ನಡದು ಬರ್ತೀನಿ."

ಮುಂದೆ ಹೋಗಿಬಿಡಬೇಕಿತ್ತು ಎಂದು ತಾವು ಹೇಳುವಿರಿ. ನಾನೂ ಹಾಗೇ ಅಂದುಕೊಂಡೆ. ಆದರೆ ಹೋಗಲು ಕೈ ಬರಲಿಲ್ಲ. ಹಾಗಾಗಿ ಮಾಳಮ್ಮ ಮುಂದೆ, ಚಾಚಾ ಹಿಂದೆ, ಅವರ ಪಕ್ಕದಲ್ಲಿ ಎರಡೂ ಕಾಲು ನೆಲಕ್ಕೆ ಊರುತ್ತ ಮೊದಲ ಗೇರಿನಲ್ಲಿ ನಾನು, ಹೀಗೆ ಊರು ದಾಟಿದೆವು. ಯಾರ ಮೆರವಣಿಗೆ ಎಂದು ಚಹಾ ಅಂಗಡಿಯವರು ಕೇಳಿದರು. ಇಂಜಿನ್ನಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಮೇಷ್ಟರ ಪಾಠದಲ್ಲಿ ಇದಕ್ಕೂ ಸೂಚನೆ ಇರಲಿಲ್ಲ.

ಹಳ್ಳದ ದಂಡೆಗೆ ಬಂದಾಗ ಮಾಳಮ್ಮ ತಿರುಗಿ ನಿಂತಳು.

"ಸ್ವಲ್ಪ ನಿಂದ್ರಿ ಸಾಹೇಬ್ರ. ಅಲ್ಲಿ ನನ್ನ ಕುರಿ ಸಾಯಾಕತ್ತಾವ, ಇಲ್ಲಿ ನೀವು ಕಾಗದ ಇಲ್ಲಂತ ನಡಕೋತ ಹೊಂಟೀರಿ. ಆ ಕಾಗದ ಇದ್ದಿದ್ರ ಅದನ್ನೂ ನನ್ನ ಕುರಿ ತಿಂದು ಬಿಡತಿದ್ವು. ಏರ್ರಿ ಮ್ಯಾಲ!"

"ಯಾರ ಹುಕುಂ?" ಎಂದರು ಚಾಚಾ.

"ನಂದು."

"ಬರದು ಕೊಡ್ತಿ ಏನು?"

"ನನಗ ಬರ್ಯಾಕ ಬರಂಗಿಲ್ಲ. ಬಾಯಿಲೆ ಹೇಳೀನಿ, ಸಾಲದೇನು? ನೀವು ಆ ಸರಕಾರದ ಹುಕುಂ ತಂದಾಗ ನಾ ಜ್ವಾಳಾ ಕೊಟ್ಟೀನಿ. ಈಗ ನನ್ನ ಹುಕುಂ ನೀವು ಕೇಳ್ರಿ."

 ಚಾಚಾ ಕೋಟಿನ ಮೇಲಿನ ಗುಂಡಿ ಹಾಕಿಕೊಂಡು, ಗಂಭೀರವಾಗಿ, "ಇದು ತಾತ್ಪೂರ್ತಿಕ ಬಂದೋಬಸ್ತ್, ಇವತ್ತಿಗಷ್ಟ" ಎಂದು ನನಗೆ ಹೇಳಿ ಹಿಂದೆ ಏರಿದರು. ಹಳ್ಳದಲ್ಲಿ ಇಳಿಯುವಾಗ ನಾನು ಎಡಕ್ಕೆ ವಾಲಿದೆ, ಅವರು ಬಲಕ್ಕೆ ವಾಲಿದರು, ಇಬ್ಬರೂ ಮೊಳಕಾಲುದ್ದ ನೀರಿನಲ್ಲಿ ಬಿದ್ದೆವು. ದಂಡೆಯ ಮೇಲೆ ಮಾಳಮ್ಮ ಹಣೆ ಬಡಿದುಕೊಂಡಳು. ಗಾಡಿ ಎತ್ತಿ ನಿಲ್ಲಿಸಿಕೊಂಡು ಮುಂದೆ ಹೋದೆವು. ಎರಡು ಕುರಿಗಳನ್ನು ಉಳಿಸಲು ನಮ್ಮಿಂದ ಆಗಲಿಲ್ಲ. ಉಳಿದವುಗಳನ್ನು ಚಾಚಾ ಒಂದೊಂದಾಗಿ ಹಿಡಿದರು, ನಾನು ಔಷಧ ಹಾಕಿದೆ, ಅವು ಸಂಜೆಗೆ ಎದ್ದು ನಿಂತವು. ಆ ಮೆರವಣಿಗೆ ಮಾಡದೆ ಊರಿನಿಂದಲೇ ಹತ್ತಿಕೊಂಡು ಬಂದಿದ್ದರೆ ಆ ಎರಡೂ ಉಳಿಯುತ್ತಿದ್ದವೋ ಏನೋ. ಅದನ್ನು ಮಾಳಮ್ಮ ಬಾಯಿಬಿಟ್ಟು ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ, ತಮಗೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಲಾರಿಗೆ ಬೇರೆ, ಬಸ್ಸಿಗೆ ಬೇರೆ, ಮೋಟಾರ್ ಸೈಕಲ್ಲಿಗೆ ಬೇರೆ ಲೈಸೆನ್ಸುಗಳನ್ನು ತಾವು ಕೊಡುತ್ತೀರಿ. ಹಿಂದೆ ಕೂಡುವ ಲೈಸೆನ್ಸ್ ಎಂಬುದೊಂದನ್ನು ಹೊಸದಾಗಿ ಮಾಡಿ. ಹಿಂದೆ ಕುಳಿತರೂ ಪಕ್ಕ ಎಂದೇ ಭಾವಿಸತಕ್ಕದ್ದು ಎಂದು ತೀರ್ಪು ಕೊಟ್ಟ ಬುದ್ಧಿಗೆ ಇದೇನು ಕಷ್ಟ? ಬೇಕಾದರೆ ಪರೀಕ್ಷೆಯನ್ನೂ ಇಡಿ: ತಗ್ಗು ದಾಟಿದ ಮೇಲೆ ಎಚ್ಚರಿಸುವುದು, ಟಗರಿನ ಕೋಡು ಹಿಡಿಯುವುದು, ಮುಚ್ಚಿದ ಬಾಗಿಲು ತೆರೆಸುವುದು. ಹಲಗೆ ಓದಿಸುವುದು ಮಾತ್ರ ಬೇಡ. ಮೊಹರು ದೊಡ್ಡದಿರಲಿ. ಬಾಷುಮಿಯಾ ಎಂಬ ಹೆಸರನ್ನು ಕನ್ನಡದಲ್ಲಿ ಬರೆದು, ಕೆಳಗೆ ಉರ್ದುವಿನಲ್ಲೂ ಬರೆಯಿರಿ. ತಮ್ಮಲ್ಲಿ ಬರೆಯುವವರಿಲ್ಲದಿದ್ದರೆ ನಾನೇ ಬಂದು ಬರೆದುಕೊಡುತ್ತೇನೆ, ಉರ್ದು ನನಗಿನ್ನೂ ಮರೆತಿಲ್ಲ.

ಅಲ್ಲಿಯವರೆಗೆ ಶಹಾಪುರದಿಂದ ವನದುರ್ಗದವರೆಗೆ ಮಾಳಮ್ಮನ ಹುಕುಂ ಜಾರಿಯಲ್ಲಿರುತ್ತದೆ. ದಾರಿಯಲ್ಲಿ ತಮ್ಮವರು ಯಾರಾದರೂ ತಡೆದರೆ ನಾನು ತಮ್ಮ ಸಹಿ ತೋರಿಸುತ್ತೇನೆ, ಚಾಚಾ ಮಾಳಮ್ಮನ ಹೆಸರು ಹೇಳುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ನಡೆಯುತ್ತದೆ ಎಂದು ನೋಡುವ ಪ್ರಸಂಗವನ್ನು ತಾವು ತಂದುಕೊಳ್ಳಬೇಡಿ ಎಂಬುದು ನನ್ನ ವಿನಂತಿ.

ಇಂತಿ,
ಒಬ್ಬನೇ ಸವಾರಿ ಮಾಡಲು ಸರಕಾರದಿಂದ ಅಪ್ಪಣೆ ಪಡೆದು, ಒಬ್ಬನೇ ಹೋಗಲು ಮನಸ್ಸು ಬಾರದ
ಯಂಕಣ್ಣ, ದನದ ದವಾಖಾನೆ, ಶಹಾಪುರ